ಕಾಶಪ್ಪನ ಬಾಯ್ಲರು, ಬೀಗರ ಮೊಣಕಾಲು

ಹುನಗುಂದ ತಾಲೂಕಿನಲ್ಲಿ ವರ್ಷದ ಹತ್ತು ತಿಂಗಳು ಸೆಕೆ. ಉಳಿದ ಎರಡು ತಿಂಗಳು ಸೆಕೆ ಯಾವಾಗ ಬರುತ್ತದೋ ಎಂದು ಮಂದಿ ಕಂಬಳಿ ಹೊದ್ದು ಕಾಯುತ್ತಾರೆ. ಇಂಥ ಸೀಮೆಯಲ್ಲಿ ಒಬ್ಬ ಮನುಷ್ಯ ತನ್ನ ಹೊಲದ ಮನೆಯನ್ನೂ ದನದ ಕೊಟ್ಟಿಗೆಯನ್ನೂ ಒಂದೇ ಬಾಯ್ಲರಿನಿಂದ ಬೆಚ್ಚಗಿಡಲು ಹೊರಟ ಎಂದರೆ ಅದಕ್ಕೆ ಬಲವಾದ ಕಾರಣ ಇರಲೇಬೇಕು. ಕಾಶಪ್ಪನಿಗಿದ್ದ ಕಾರಣ ಬೀಗರು.

ಅದು ಶುರುವಾದದ್ದು ಇಳಕಲ್ಲಿನ ಒಂದು ದವಾಖಾನೆಯಲ್ಲಿ, ಡಿಸೆಂಬರಿನ ಒಂದು ಮುಂಜಾನೆ. ಕಾಶಪ್ಪನ ಒಬ್ಬಳೇ ಮಗಳು ದಾನೇಶ್ವರಿ ಹೆಣ್ಣು ಕೂಸು ಹೆತ್ತು ಮೂರು ದಿನವಾಗಿತ್ತು. ಚೊಚ್ಚಲ ಬಾಣಂತನ ತವರುಮನೆಯದು, ಐದು ತಿಂಗಳು. ಇದರಲ್ಲಿ ಮಾತಿಗೆ ಜಾಗವಿಲ್ಲ. ಮಗಳ ಸೀಮಂತದ ಕುಬಸ ಆದ ದಿನದಿಂದ ಕಾಶಪ್ಪ ಈ ಐದು ತಿಂಗಳಿಗಾಗಿಯೇ ಬದುಕಿದ್ದ. ಕೋಣೆಗೆ ಸುಣ್ಣ ಹೊಡೆಸಿದ್ದ, ಬಾಣಂತಿ ಉಂಡೆಗೆ ಅಂಟು, ಅಳವಿ, ಒಣಕೊಬ್ಬರಿ ಚೀಲಗಟ್ಟಲೆ ತಂದಿಟ್ಟಿದ್ದ, ಬಾಣಂತಿಗೆ ತುಪ್ಪ ಕಡಿಮೆಯಾಗಬಾರದೆಂದು ಕರೆವ್ವ ಎಂಬ ಗಬ್ಬದ ಎಮ್ಮೆಯನ್ನೂ ಕೊಂಡಿದ್ದ. ಕರೆವ್ವ ಮಾತು ಉಳಿಸಿಕೊಂಡು ಅದೇ ವಾರ ಕರು ಹಾಕಿದ್ದಳು. ಹೊಲದ ಮನೆಗೆ ಒಂದೇ ಸಲ ಇಬ್ಬರು ಬಾಣಂತಿಯರು.

ದವಾಖಾನೆಯ ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಬೀಗರಾದ ವಿಜಯಮಹಾಂತೇಶ ಅವರು ಎರಡೂ ಮೊಣಕಾಲು ನೀಡಿಕೊಂಡು ಕೂತಿದ್ದರು. ಬಾಗಲಕೋಟೆಯ ನವನಗರದಲ್ಲಿ ಮೂರನೇ ಮಾಳಿಗೆಯ ಮನೆ, ಹೈಸ್ಕೂಲು ಹೆಡ್‌ಮಾಸ್ತರಿಕೆಯಿಂದ ನಿವೃತ್ತಿ, ಮೊಣಕಾಲು ನೋವು, ಇವು ಮೂರೂ ಅವರ ಬಳಿ ಎಂಟು ವರ್ಷದಿಂದ ಇದ್ದವು.

"ಬೀಗ್ರ, ಒಂದು ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು ಅವರು. "ಈ ಥಂಡ್ಯಾಗ ಹೊಲದ ಮನಿ ಬಾಣಂತಿಗೆ ಆಗೂದಿಲ್ಲ. ನಾಕೂ ಕಡೆ ಗಾಳಿ. ನಮ್ಮಲ್ಲಿ ಗೀಸರ್ ಐತಿ, ಸೋಲಾರ್ ಐತಿ. ನಳಾ ತಿರಿವಿದ್ರ ಸಾಕು, ಬಿಸಿನೀರು. ಕೂಸು ಬಾಣಂತಿನ್ನ ನಾವ ಕರ್ಕೊಂಡು ಹೋಗ್ತೇವಿ."

ಕಾಶಪ್ಪ ಹಾಸಿಗೆಯ ಮೇಲಿನ ಮಗಳ ಮುಖ ನೋಡಿದ. ಸುಣ್ಣ ಹೊಡೆಸಿದ ಕೋಣೆ ಕಣ್ಣ ಮುಂದೆ ಬಂತು. ಆ ಕ್ಷಣದಲ್ಲಿ ಅವನಿಗೆ ನೆನಪಾದದ್ದು ಮೊಬೈಲಿನಲ್ಲಿ ಹನ್ನೊಂದು ಸಲ ನೋಡಿದ್ದ ಒಂದು ವಿಡಿಯೋ. ಸೊಂಟದಮಟ ಹಿಮ ಬಿದ್ದ ಯಾವುದೋ ದೇಶ, ಕೆಂಪು ಗಡ್ಡದ ಒಬ್ಬ ರೈತ. ಅಂಗಳದಲ್ಲಿ ಒಂದು ಬಾಯ್ಲರು. ಅದರಿಂದ ಒಂದು ಪೈಪು ಮನೆಗೆ, ಒಂದು ಪೈಪು ಕೊಟ್ಟಿಗೆಗೆ. ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದವು, ಕೊಟ್ಟಿಗೆಯಲ್ಲಿ ಆಕಳು ನಗುತ್ತಿದ್ದವು. ಆ ಗಡ್ಡದವನು ಏನು ಹೇಳುತ್ತಿದ್ದನೋ ಕಾಶಪ್ಪನಿಗೆ ತಿಳಿದಿರಲಿಲ್ಲ. ಆದರೆ ಹೇಳುವ ರೀತಿಯಲ್ಲಿ ನಂಬಿಕೆಯಿತ್ತು.

"ಗೀಸರ್ ಏನ್ ಬಿಡ್ರಿ ಬೀಗ್ರ," ಎಂದ ಕಾಶಪ್ಪ. "ಅದು ಬಚ್ಚಲಕ್ಕಷ್ಟ. ನಮ್ಮಲ್ಲಿ ಬಾಯ್ಲರ್ ಐತಿ. ಮನಿಗೂ ಅದ, ಕೊಟ್ಟಿಗಿಗೂ ಅದ. ನಮ್ಮ ಎಮ್ಮಿಗೇ ಥಂಡಿ ಗೊತ್ತಿಲ್ಲ, ಮಗಳಿಗೆ ಎಲ್ಲಿಂದ ಹತ್ತತೈತ್ರಿ?"

ಮೂಲೆಯಲ್ಲಿ ಗಂಜಿ ಆರಿಸುತ್ತಿದ್ದ ಅವನ ಹೆಂಡತಿ ಶಿವಬಸವ್ವನ ಕೈಯಿಂದ ಚಮಚ ಬಿತ್ತು. ಮನೆಯಲ್ಲಿ ಬಾಯ್ಲರು ಇರುವ ಸುದ್ದಿ ಅವಳಿಗೆ ಈಗಷ್ಟೇ ತಿಳಿದಿತ್ತು.

ಹೆಡ್‌ಮಾಸ್ತರರು ಮೂವತ್ತು ವರ್ಷ ಹುಡುಗರ ಸುಳ್ಳು ಕೇಳಿದವರು. ಕನ್ನಡಕ ಸರಿಮಾಡಿಕೊಂಡರು. "ಛಲೋ ಆತು. ಹದಿಮೂರನೇ ದಿನ ತೊಟ್ಟಿಲಕ್ಕ ಬರ್ತೇನಿ. ಬಚ್ಚಲದಾಗ ನಳಾ ತಿರಿವಿ, ನೀರಾಗ ನಾನ ಕೈ ಇಟ್ಟು ನೋಡ್ತೇನಿ. ಬಿಸಿ ಇದ್ರ ಸೊಸಿ ಐದು ತಿಂಗಳು ನಿಮ್ಮಲ್ಲೇ. ಇಲ್ಲಂದ್ರ ಅವತ್ತ ನಮ್ಮ ಕಾರಿನ್ಯಾಗ. ನಾನೂ ಒಂದ ದಿನದ ಮ್ಯಾಲೆ ನಿಲ್ಲಾಂವಲ್ಲ. ಬೀಗರ ಮನ್ಯಾಗ ಒಂದು ರಾತ್ರಿ ಕಳದ್ರ ಮರ್ಯಾದಿ ಅಲ್ಲ ಅನ್ನಾಂವ ನಾ."

ಹೊರಗೆ ಬಂದ ಮೇಲೆ ಶಿವಬಸವ್ವ ಕೇಳಿದಳು. "ಬಾಯ್ಲರ್ ಎಲ್ಲೈತ್ರಿ?"

"ತರೂದೈತಿ," ಎಂದ ಕಾಶಪ್ಪ.

ಇಳಕಲ್ಲಿನಲ್ಲಿ ಹುಸೇನಪೀರ ಎಂಬ ಪೈಪಿನ ಕೆಲಸದವನಿದ್ದ. ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ಅವನನ್ನು ಕೆಲಸಕ್ಕೆ ಕರೆಯಲು ಅದೇ ಕಾರಣ, ಆಮೇಲೆ ಅವನನ್ನು ಹುಡುಕಿಕೊಂಡು ಹೋಗಲೂ ಅದೇ ಕಾರಣ. ಸೀರೆಯ ನೂಲಿಗೆ ಬಣ್ಣ ಕುದಿಸುವ ಒಂದು ಬಣ್ಣದ ಮನೆ ಮುಚ್ಚಿ ಅದರ ಹಳೆಯ ಬಾಯ್ಲರು ಹುಸೇನಪೀರನ ಅಂಗಳದಲ್ಲಿ ಬಿದ್ದಿತ್ತು. ಆಳೆತ್ತರದ್ದು, ಹೊಟ್ಟೆ ದಪ್ಪಗಿನದು. ಅವನ ಹೆಂಡತಿ ನರ್ಗೀಸ ಅದರೊಳಗೆ ಕೋಳಿ ಕೂಡಿಹಾಕುತ್ತಿದ್ದಳು. ಕೋಳಿಗಳನ್ನು ತೆರವು ಮಾಡಿ ಅದನ್ನು ಟ್ರ್ಯಾಕ್ಟರಿನಲ್ಲಿ ರಾಮಥಾಳದ ಹಾದಿಯ ಬದಿಯಲ್ಲಿರುವ ಕಾಶಪ್ಪನ ಹೊಲಕ್ಕೆ ತರಲಾಯಿತು.

"ಒಳಗ ಬಣ್ಣ ಐತಲ್ಲೋ ಪೀರಾ?" ಕಾಶಪ್ಪ ತಲೆ ಒಳಗೆ ಹಾಕಿ ಕೇಳಿದ.

"ತಳದಾಗ ಒಂದೀಟ ಐತಿ ಕಾಕಾ. ಇಪ್ಪತ್ತು ವರ್ಷದ್ದು, ಒಂದ ದಿನದಾಗ ಹೋಗೂದಿಲ್ಲ. ಮನಿ ಬಚ್ಚಲಕ್ಕ ಮ್ಯಾಲಿಂದ ನೀರು ತಗೊಳ್ಳೂನು, ಎಮ್ಮಿ ಕಾಲಬುಡಕ್ಕ ತಳದಿಂದ ಬಿಡೂನು. ಎಮ್ಮಿ ಏನ್ ಬಣ್ಣ ನೋಡತೈತೇನ್ರಿ?"

ಯೋಜನೆಯ ಪ್ರಕಾರ ಮನೆಯ ನೆಲದ ಕೆಳಗೂ ಪೈಪು ಹೋಗಬೇಕಿತ್ತು. ಕಾಶಪ್ಪ ಪಡಸಾಲೆಯ ಮೊದಲನೇ ಕಲ್ಲಿಗೆ ಹಾರೆ ಇಟ್ಟಾಗ ಶಿವಬಸವ್ವ ಬಾಗಿಲಲ್ಲಿ ನಿಂತಿದ್ದಳು. "ಈ ಕಲ್ಲು ಎಬ್ಬಿಸ್ರಿ, ಮಗಳನ್ನ ನಾನ ನವನಗರಕ್ಕ ಬಿಟ್ಟು ಬರ್ತೇನಿ," ಎಂದಳು. ನೆಲ ಉಳಿಯಿತು. ಬಚ್ಚಲಿಗೆ ಒಂದು ಪೈಪು, ಕೊಟ್ಟಿಗೆಯ ನೆಲದಡಿ ಒಂದು ಪೈಪು ಎಂದು ತೀರ್ಮಾನವಾಯಿತು.

ಕೊಟ್ಟಿಗೆ ಸುತ್ತಿದ ನೀರು ಮತ್ತೆ ಬಾಯ್ಲರಿಗೆ ಬರಬೇಕು. ವಿಡಿಯೋದಲ್ಲಿ ಹಾಗೇ ಇತ್ತು. ಆದರೆ ಬಾಯ್ಲರು ನಲವತ್ತು ಅಡಿ ದೂರವಿರುವಾಗಲೇ ಹುಸೇನಪೀರನ ಪೈಪು ಮುಗಿಯಿತು. ಅವನು ಬೀಡಿ ಹಚ್ಚಿಕೊಂಡು ನೆಲ ನೋಡುತ್ತ ಕೂತ. ಅಲ್ಲೇ ಅವನ ಕಾಲ ಬಳಿ ಒಂದು ಕರಿ ಪೈಪಿನ ಬಾಯಿ ಕಂಡಿತು.

ನಮ್ಮ ಕಡೆ ಯಾವ ಹೊಲದಲ್ಲಿ ಗುದ್ದಲಿ ಹಾಕಿದರೂ ಮೊದಲು ಸಿಗುವುದು ಹನಿ ನೀರಾವರಿಯ ಕರಿ ಪೈಪು, ಆಮೇಲೆ ಮಣ್ಣು. ಕಾಶಪ್ಪ ಇದನ್ನು ಉಳ್ಳಾಗಡ್ಡಿ ಹಚ್ಚುತ್ತಿದ್ದ ಕಾಲದಲ್ಲಿ ಹುಗಿಸಿದ್ದ. ಕಡಲೆ ಬಿತ್ತಲು ಶುರುಮಾಡಿದ ಮೇಲೆ ಮರೆತಿದ್ದ.

"ಇದು ಎಲ್ಲಿಗೆ ಹೋಗತೈತಿ ಕಾಕಾ?"

"ಹೊಲಾ ಒಂದು ಸುತ್ತು ಹಾಕಿ ಮತ್ತ ಇಲ್ಲೇ ನೀರಿನ ಟಾಕಿ ಕಡೆ ಬರತೈತಿ. ನಾನ ನಿಂತು ಹಾಕಿಸೀನಿ," ಎಂದ ಕಾಶಪ್ಪ. ಆ ದಿನ ಅವನು ನಿಂತಿರಲಿಲ್ಲ, ಗಿಡದ ನೆರಳಲ್ಲಿ ಚಹಾ ಕುಡಿಯುತ್ತ ಕೂತಿದ್ದ.

ಹುಸೇನಪೀರ ಕೊಟ್ಟಿಗೆಯ ಪೈಪನ್ನು ಕರಿ ಪೈಪಿಗೆ ಜೋಡಿಸಿದ. ಅದರ ಇನ್ನೊಂದು ತುದಿ ಎಲ್ಲಿದೆ ಎಂದು ಇಬ್ಬರೂ ನೋಡಲಿಲ್ಲ. ಖರೆ ಹೇಳಬೇಕೆಂದರೆ ಆ ಪೈಪು ಹೊಲ ಸುತ್ತುತ್ತಿರಲಿಲ್ಲ. ಇಳಿಜಾರು ಹಿಡಿದು ನೇರವಾಗಿ ಹಾದಿಯ ಬದಿಯ ಬನ್ನಿಗಿಡದ ಬುಡಕ್ಕೆ ಹೋಗಿ, ಅಲ್ಲಿ ಯಾವಾಗಲೋ ನೇಗಿಲಿಗೆ ಸಿಕ್ಕು ತುಂಡಾಗಿತ್ತು. ಓದುವವರಿಗೆ ಇದು ಈಗಲೇ ಗೊತ್ತಿರಲಿ. ಕಾಶಪ್ಪನಿಗೆ ಗೊತ್ತಾಗಲು ಇನ್ನೂ ಎಂಟು ದಿನ ಬೇಕು.

ಆರನೆಯ ದಿನ ದಾನೇಶ್ವರಿ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಕಾಶಪ್ಪ ಬಾಯ್ಲರಿನ ಒಲೆಗೆ ತೊಗರಿ ಕಟ್ಟಿಗೆ ತುರುಕಿ ಬೆಂಕಿ ಹಚ್ಚಿದ. ಬೋರಿನ ಟಾಕಿಯಿಂದ ನೀರು ತಾನಾಗಿ ಬಾಯ್ಲರಿಗೆ ಇಳಿಯುತ್ತಿತ್ತು. ಕೊಟ್ಟಿಗೆಯಲ್ಲಿ ಕರೆವ್ವ ಮುಂದಿನ ಎಡಗಾಲು ಎತ್ತಿದಳು. ಇಟ್ಟು ಬಲಗಾಲು ಎತ್ತಿದಳು. ಸ್ವಲ್ಪ ಹೊತ್ತು ಹೀಗೆ ಕವಾಯತು ಮಾಡಿ, ಹಗ್ಗ ಕಿತ್ತುಕೊಂಡು ಹೊರಗೆ ಬಂದು ಮಂಜು ಬಿದ್ದ ನೆಲದ ಮೇಲೆ ಮಲಗಿದಳು. ಮತ್ತೆ ಒಳಗೆ ಹೋಗಲಿಲ್ಲ. ಅವತ್ತಿನಿಂದ ಅವಳನ್ನು ಬೇವಿನ ಗಿಡಕ್ಕೇ ಕಟ್ಟಿದರು.

ಬಚ್ಚಲ ನಳದಲ್ಲಿ ಕೂಸಿನ ಕಿರುಬೆರಳಿನಷ್ಟು ನೀರು ಬಂತು.

"ಇಷ್ಟ ಏನ್ರಿ?" ಎಂದಳು ಶಿವಬಸವ್ವ.

"ಬಿಸಿನೀರು ದಪ್ಪ ಇರತೈತಿ, ನಿಧಾನಕ್ಕ ಬರತೈತಿ. ಅದು ವಿಜ್ಞಾನ," ಎಂದ ಕಾಶಪ್ಪ.

ಶಿವಬಸವ್ವನಿಗೆ ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅವಳು ಹೂಂ ಎಂದು ಬಚ್ಚಲ ಬಾಗಿಲು ಎಳೆದುಕೊಂಡು ಹಿತ್ತಲಿಗೆ ನಡೆದಳು. ಒಂದು ತಾಸಿನ ಮೇಲೆ ದಾನೇಶ್ವರಿ ಮೆಣಸಿನಕಾಯಿಯಂತೆ ಕೆಂಪಾಗಿ, ಮೈಯೆಲ್ಲ ಹಬೆಯಾಡುತ್ತ ಕೋಣೆಗೆ ಹೋಗಿ ಮಲಗಿದ್ದನ್ನು ಕಾಶಪ್ಪ ಕಣ್ಣಾರೆ ನೋಡಿದ. ಮನೆಯ ಹಿಂದೆ ಹೊಗೆಯೂ ಏಳುತ್ತಿತ್ತು. ತನ್ನ ಬಾಯ್ಲರಿನದೇ ಎಂದುಕೊಂಡ. ಹೊಗೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ.

ಮರುದಿನ ಮುಂಜಾನೆ ಪಕ್ಕದ ಹೊಲದ ಹನಮಪ್ಪ ಬಯಲಕಡೆಗೆ ಒಯ್ದ ಚರಗಿ ಹಿಡಿದುಕೊಂಡೇ ಓಡಿಬಂದ. ಚರಗಿಯಲ್ಲಿ ನೀರು ಹಾಗೇ ಇತ್ತು. ಅಂದರೆ ಹೋದ ಕೆಲಸ ಅರ್ಧಕ್ಕೇ ನಿಂತಿತ್ತು.

"ಲೇ ಕಾಶ್ಯಾ, ನಿನ್ನ ಹೊಲದಾಗ ಭೂಮಿ ಬಾಯಿ ಬಿಟ್ಟೈತಿ. ಬನ್ನಿಗಿಡದ ಬುಡಕ ಬಿಸಿನೀರು ಬರಾಕತ್ತೈತಿ. ಬರೇ ನೀರಲ್ಲೋ, ಕುಂಕುಮದ ನೀರು."

ಕಾಶಪ್ಪ ಹೋಗಿ ನೋಡಿದ. ಚಳಿಯಲ್ಲಿ ಬನ್ನಿಗಿಡದ ಬುಡದಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಸರ್ವೆಯವರು ನೆಟ್ಟ ಬಾಂದಗಲ್ಲು. ಅದರ ಸುತ್ತ ನಸುಗೆಂಪು ನೀರು ಬುಳುಬುಳು ಎದ್ದು ಹೊಂಡವಾಗಿತ್ತು. ಅವನು ಬೆರಳು ಅದ್ದಿ ನೋಡಿದ. ಬಿಸಿ. ಮನೆಯಲ್ಲಿ ಬಾಯ್ಲರು ಇಟ್ಟ ಮನುಷ್ಯನ ಹೊಲದಲ್ಲಿ ಬಿಸಿನೀರು ಹುಟ್ಟಿದರೆ ಸಾಮಾನ್ಯ ಮನುಷ್ಯನಿಗೆ ಏನೋ ಒಂದು ಹೊಳೆಯಬೇಕು. ಕಾಶಪ್ಪನಿಗೂ ಹೊಳೆಯಿತು. "ನನ್ನ ಹೊಲದ ಗುಣ ನಂಗ ಮೊದಲ ಗೊತ್ತಿತ್ತು ಬಿಡು," ಎಂದ.

ಮಧ್ಯಾಹ್ನದೊಳಗೆ ಬಾಂದಗಲ್ಲಿಗೆ ಅರಿಷಿಣ ಬಂತು. ಸಂಜೆಯೊಳಗೆ ಬೆಳ್ಳಿ ಕಣ್ಣು ಬಂದವು. ಮರುದಿನ ಆ ಕಲ್ಲಿಗೆ ಬಿಸಿನೀರವ್ವ ಎಂದು ಹೆಸರೂ ಬಂತು. ಕೊರಳಲ್ಲಿ ಲಿಂಗ ಕಟ್ಟಿದ ಕಾಶಪ್ಪ ಕಲ್ಲಿಗೆ ಕೈ ಮುಗಿಯುವವನಲ್ಲ. ಆದರೆ ಹೊಲದ ಮಾಲೀಕ. ಹಾಗಾಗಿ ಸ್ವಲ್ಪ ದೂರದಲ್ಲಿ ನಿಂತು, ಕಲ್ಲಿಗೂ ಅಲ್ಲ ಮಂದಿಗೂ ಅಲ್ಲ ಎಂಬಂತೆ ನಡುವೆ ಎಲ್ಲೋ ಕೈ ಮುಗಿದ.

ಮೊದಲು ನೀರಿನಲ್ಲಿ ಕಾಲಿಟ್ಟವಳು ಇಳಕಲ್ಲಿನ ಅಂಬವ್ವ. ನಲವತ್ತು ವರ್ಷ ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದ ಮುದುಕಿ. ಅವಳ ಮೊಣಕಾಲು ಹವಾಮಾನ ಇಲಾಖೆಗಿಂತ ಮೊದಲೇ ಮಳೆ ಹೇಳುತ್ತಿದ್ದವು. ಅರ್ಧ ತಾಸು ಹೊಂಡದಲ್ಲಿ ಕಾಲು ಬಿಟ್ಟುಕೊಂಡು ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದಳು. ಅಷ್ಟೇ. ಅಮೀನಗಡದಿಂದ ಟಂಟಂ ಗಾಡಿಗಳು ಬಂದವು. ಬನಶಂಕರಿಗೆ ಹೊರಟಿದ್ದ ಒಂದು ಜೀಪು ಅರ್ಧ ದಾರಿಯಿಂದ ಇತ್ತ ತಿರುಗಿತು. ಹುನಗುಂದದ ನವೀದ ಎಂಬುವವನು ಚಹಾ ಮತ್ತು ಮಿರ್ಚಿ ಭಜಿಯ ಗಾಡಿ ತಂದು ನಿಲ್ಲಿಸಿದ. ಮಂದಿ ಸಾಲಾಗಿ ಕೂತು, ಕಾಲು ಬಿಸಿನೀರಿನಲ್ಲಿ, ಭಜಿ ಕೈಯಲ್ಲಿ, ತಮ್ಮತಮ್ಮ ಮೊಣಕಾಲಿನ ಚರಿತ್ರೆ ಹೇಳತೊಡಗಿದರು.

ಬಿಸಿನೀರವ್ವ ಶಿಸ್ತಿನವಳು. ಮುಂಜಾನೆ ಆರಕ್ಕೆ ಬಿಸಿಯಾಗುವಳು, ಹತ್ತಕ್ಕೆ ತಣ್ಣಗಾಗುವಳು. ಸಂಜೆ ಐದಕ್ಕೆ ಮತ್ತೆ. ಕಾಶಪ್ಪ ಬಾಯ್ಲರಿಗೆ ಬೆಂಕಿ ಹಾಕುವ ವೇಳೆಯೂ ಅದೇ. ಇದನ್ನು ಅವನು ಗಮನಿಸಲಿಲ್ಲ ಎನ್ನಲಾಗದು. ಗಮನಿಸಿ, ತನ್ನದೂ ದೇವರದೂ ಒಂದೇ ವೇಳೆ ಎಂದು ಹೆಂಡತಿಗೆ ಹೇಳಿದ್ದ.

ಬುಧವಾರ ಅವನು ತೊಟ್ಟಿಲ ಸಾಮಾನು ತರಲು ಇಳಕಲ್ಲಿಗೆ ಹೋದ. ಬೆಂಕಿ ಹಾಕಲಿಲ್ಲ. ಅವತ್ತು ಬಿಸಿನೀರವ್ವ ತಣ್ಣೀರವ್ವಳಾದಳು. ಜನ ಗಾಬರಿಯಾದರು. ಯಾರೋ ತಪ್ಪು ಮಾಡಿದ್ದಾರೆ ಎಂದು ವಿಚಾರಣೆ ನಡೆಯಿತು. ಹನಮಪ್ಪ ಹೊಂಡದಲ್ಲಿ ಚರಗಿ ತೊಳೆದದ್ದನ್ನು ನೋಡಿದವರು ಮೂರು ಜನ ಸಿಕ್ಕರು. ಅವನನ್ನು ಒದ್ದೆ ಬಟ್ಟೆಯಲ್ಲಿ ಕಲ್ಲಿನ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಹೇಳಿಸಿದರು. ಸಂಜೆ ಮರಳಿ ಬಂದ ಕಾಶಪ್ಪ, ಹೊಲದ ಮಾಲೀಕನ ಗತ್ತಿನಲ್ಲಿ, "ಮನುಷ್ಯಾ ಅಂದಮ್ಯಾಲ ತಪ್ಪ ಆಗತೈತಿ, ಅವ್ವ ಕ್ಷಮಾ ಮಾಡ್ತಾಳ ತಗೋ," ಎಂದು ಸಮಾಧಾನ ಮಾಡಿ, ಮನೆಗೆ ಹೋಗಿ ಬೆಂಕಿ ಹಾಕಿದ. ಅರ್ಧ ತಾಸಿನಲ್ಲಿ ಅವ್ವ ಕ್ಷಮಿಸಿದಳು.

ಹದಿಮೂರನೆಯ ದಿನ ಬಂತು. ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿತ್ತು. ಹತ್ತು ಗಂಟೆಗೆ ಬೀಗರು ಬಂದು ನಳ ತಿರುವುವವರಿದ್ದರು. ಕಾಶಪ್ಪ ನಸುಕಿನಲ್ಲೇ ಬೆಂಕಿ ಹಾಕಿ, ಮುಂಜಾನೆ ಆರಕ್ಕೇ ಬಚ್ಚಲ ನಳ ತಿರುವಿದ. ಹನಿ ಹನಿ. ಬಾಯ್ಲರು ತುಂಬ ನೀರು ಕುದಿಯುತ್ತಿದೆ, ಬಚ್ಚಲಿಗೆ ಬರುತ್ತಿಲ್ಲ, ಬೋರಿನ ಟಾಕಿ ಮಾತ್ರ ದಿನಾ ಬರಿದಾಗುತ್ತಿದೆ. ಹಾಗಾದರೆ ನೀರು ಹೋಗುವುದು ಎಲ್ಲಿಗೆ? ಎಂಟು ದಿನದಲ್ಲಿ ಮೊದಲ ಸಲ ಅವನು ಟಾಕಿಯ ಸುತ್ತ ಬಗ್ಗಿ, ಕರಿ ಪೈಪಿನ ಮರಳಿ ಬರುವ ಬಾಯಿಯನ್ನು ಹುಡುಕಿದ. ಅಂಥ ಬಾಯಿ ಇರಲಿಲ್ಲ. ಹೋಗುವ ಬಾಯಿಯ ಹಿಂದೆಯೇ ನಡೆದ. ಕಡಲೆ ಹೊಲದ ಒಣಮಣ್ಣಿನ ನಡುವೆ ಒಂದು ಗೆರೆ ಮಾತ್ರ ಹಚ್ಚಗೆ ಹುಲ್ಲು ಬೆಳೆದಿತ್ತು. ಗೆರೆ ಇಳಿಜಾರು ಹಿಡಿದು ಇಳಿಯಿತು. ಕಾಶಪ್ಪನೂ ಇಳಿದ. ಗೆರೆ ಬನ್ನಿಗಿಡದ ಬುಡದಲ್ಲಿ ನಿಂತಿತು. ಕಾಶಪ್ಪನೂ ನಿಂತ.

ತಾನು ಎಂಟು ದಿನ ಕಟ್ಟಿಗೆ ಸುಟ್ಟು ಬೆಚ್ಚಗಿಟ್ಟದ್ದು ಮಗಳನ್ನಲ್ಲ, ಎಮ್ಮೆಯನ್ನಲ್ಲ, ಅಮೀನಗಡದ ಮಂದಿಯ ಮೊಣಕಾಲುಗಳನ್ನು ಎಂದು ಅವನಿಗೆ ತಿಳಿಯಿತು. ಒಂದು ಬಟ್ಟೆ ತುರುಕಿ ಈ ಬಾಯಿ ಮುಚ್ಚಿದರೆ ಸಾಕು, ನೀರು ಬಚ್ಚಲಿಗೆ ಏರುತ್ತದೆ. ಅವನು ಹೆಗಲ ಮೇಲಿನ ಟವೆಲು ತೆಗೆದು ಉಂಡೆ ಮಾಡಿಕೊಂಡು ಬಗ್ಗಿದ.

"ಯಾಕ್ರಿ ಬೀಗ್ರ, ನೀವೂ ಸ್ನಾನಕ್ಕ ಬಂದ್ರೇನು?"

ಹೊಂಡದ ಆಚೆ ಬದಿಯಲ್ಲಿ, ಅಂಬವ್ವನ ಪಕ್ಕದಲ್ಲಿ, ಧೋತರ ಮೇಲೆತ್ತಿ ಕಟ್ಟಿಕೊಂಡು, ಎರಡೂ ಕಾಲು ನೀರಿನಲ್ಲಿ ಬಿಟ್ಟು ವಿಜಯಮಹಾಂತೇಶ ಅವರು ಕೂತಿದ್ದರು. ಕಾರು ಹಾದಿಯ ಮೇಲಿತ್ತು. ಊರುಗೋಲು ಬನ್ನಿಗಿಡಕ್ಕೆ ಒರಗಿತ್ತು. ಮುಖದಲ್ಲಿ ಎಂಟು ವರ್ಷದಿಂದ ಯಾರೂ ನೋಡದ ಒಂದು ನಗೆ ಇತ್ತು.

"ಐದೂವರಿಗೇ ಬಂದೀನಿ. ಬಾಗಲಕೋಟಿ ತುಂಬ ಇದ ಸುದ್ದಿ," ಎಂದರು. "ನೋಡ್ರಿ ಬೀಗ್ರ, ನಾ ಇವನ್ನೆಲ್ಲ ನಂಬಾಂವಲ್ಲ. ಆದ್ರ ನನ್ನ ಮೊಣಕಾಲು ನಂಬ್ಯಾವ. ಇಂಥ ಜಾಗಾದಾಗ ನಮ್ಮ ಸೊಸಿ ಇರ್ತಾಳ ಅಂದ್ರ ಗೀಸರ್ ಯಾಕ ಬೇಕು, ನಳಾ ಯಾಕ ನೋಡಬೇಕು? ಐದು ತಿಂಗಳು ಅಲ್ಲ, ಆರು ತಿಂಗಳು ಇಟಗೋರಿ."

ಕಾಶಪ್ಪನ ಕೈಯಲ್ಲಿ ಟವೆಲು ಹಾಗೇ ಉಳಿಯಿತು. ಬಾಯಿ ಮುಚ್ಚಿದರೆ ಬಚ್ಚಲಿಗೆ ನೀರು ಬರುತ್ತದೆ, ಬುಗ್ಗೆ ಸಾಯುತ್ತದೆ. ಬುಗ್ಗೆ ಇದ್ದರೆ ಮಗಳು ಉಳಿಯುತ್ತಾಳೆ. ಅವನು ಟವೆಲು ಬಿಡಿಸಿ ಬೆವರು ಒರೆಸಿಕೊಂಡ. ಆಮೇಲೆ ಮನೆಯತ್ತ ಓಡಿದ. ಎರಡು ಹೊರೆ ತೊಗರಿ ಕಟ್ಟಿಗೆ ಒಲೆಗೆ ಒಡ್ಡಿ, ಮತ್ತೆ ಬುಗ್ಗೆಯತ್ತ ಓಡಿದ. ಮಾಲೀಕ ಇಷ್ಟು ಓಡಾಡುವುದು ಭಕ್ತಿಯಿಂದ ಎಂದು ಜನ ತಿಳಿದರು.

ಹತ್ತಾಯಿತು. ಬುಗ್ಗೆ ತಣ್ಣಗಾಗಲಿಲ್ಲ. ಹನ್ನೊಂದಕ್ಕೆ ಇನ್ನೂ ಬಿಸಿಯಾಯಿತು. ಬೀಗರು ಬಂದಿದ್ದಕ್ಕೆ ಅವ್ವ ಖುಷಿಯಾಗಿದ್ದಾಳೆ ಎಂದು ಯಾರೋ ಹೇಳಿದರು, ಹೆಡ್‌ಮಾಸ್ತರರು ಅದನ್ನು ಅಲ್ಲಗಳೆಯಲಿಲ್ಲ.

ಆಗಲೇ ಒಂದು ಸರಕಾರಿ ಜೀಪಿನಿಂದ ಒಬ್ಬ ತರುಣಿ ಇಳಿದಳು. ಕೈಯಲ್ಲಿ ಬರೆಯುವ ಪಟ್ಟಿ, ಕೊರಳಲ್ಲಿ ಗುರುತಿನ ಚೀಟಿ. ಬಾದಾಮಿ ಕಡೆಯವಳು, ಹೆಸರು ಚೇತನಾ, ಅಂತರ್ಜಲ ನೋಡುವ ಅಧಿಕಾರಿ. ಬುಗ್ಗೆಗೆ ಉಷ್ಣಮಾಪಕ ಅದ್ದಿದಳು. ಬಾಂದಗಲ್ಲಿನ ಬೆಳ್ಳಿ ಕಣ್ಣುಗಳನ್ನು ನೋಡಿದಳು. ಅವೂ ಅವಳನ್ನು ನೋಡಿದವು.

"ನವೀದಣ್ಣಾರು ಹೇಳಿದ್ರು," ಎಂದಳು. "ದಿನಾ ಆರಕ್ಕ ಬಿಸಿ, ಹತ್ತಕ್ಕ ತಣ್ಣಗ, ಐದಕ್ಕ ಮತ್ತ ಬಿಸಿ. ಭೂಮಿ ಗಡಿಯಾರ ನೋಡೂದಿಲ್ರಿ."

"ಅದು ಅವ್ವನ ಪೂಜಾ ಟೈಮ್ ಬಾಯಾರ," ಎಂದ ಒಬ್ಬ.

"ಬುಧವಾರ ಹಗಲೆಲ್ಲಾ ತಣ್ಣಗಿತ್ತಂತಲ್ಲ?"

ಎಲ್ಲರೂ ಹನಮಪ್ಪನ ಕಡೆ ತಿರುಗಿದರು. ಅವನು ಭಜಿ ಕೆಳಗಿಟ್ಟ. "ಮುಗದ ಮಾತು ಯಾಕ ತಗೀತೀರಿ? ತಪ್ಪ ಒಪ್ಪಿಕೊಂಡೀನಲ್ರಿ."

ಅಷ್ಟರಲ್ಲಿ ಅಂಬವ್ವ ಕಾಲು ಒರೆಸಿಕೊಂಡ ತನ್ನ ಬಿಳಿ ಟವೆಲನ್ನು ಬಿಸಿಲಿಗೆ ಹಿಡಿದಳು. ಹಿಡಿದು ಓರೆ ಮಾಡಿದಳು. ಬೆರಳಲ್ಲಿ ತಿಕ್ಕಿದಳು.

"ತಮ್ಮಾ ಕಾಶಪ್ಪ," ಎಂದಳು. "ನಾ ಏನೂ ಓದಿಲ್ಲ. ಆದ್ರ ಈ ಬಣ್ಣ ಓದಾಕ ಬರತೈತಿ. ಮದುವಿ ಸೀರಿಗೆ ಹಾಕೂ ಗಿರಿಕುಂಕುಮ ಇದು. ಯಾ ಅವ್ವನೂ ಭೂಮ್ಯಾಗಿಂದ ಗಿರಿಕುಂಕುಮ ಕುದಿಸಿ ಕಳಸೂದಿಲ್ಲ. ಇದು ಬಣ್ಣದ ಮನಿ ಬಾಯ್ಲರಿಂದು." ಅವಳ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿ ಹುಸೇನಪೀರ ಮತ್ತು ನರ್ಗೀಸ ಇಬ್ಬರೂ ಕಾಲು ನೆನೆಸಿಕೊಂಡು ಕೂತಿದ್ದರು.

ಹುಸೇನಪೀರ ಮೆಲ್ಲಗೆ ಕಾಲು ಮೇಲೆ ತೆಗೆದ. "ಎಮ್ಮಿ ಬಣ್ಣ ನೋಡೂದಿಲ್ಲ ಅಂದಿದ್ನಿ ಕಾಕಾ," ಎಂದ. "ಅಂಬವ್ವ ನೋಡೂದಿಲ್ಲ ಅಂದಿದ್ದಿಲ್ಲ."

ಎಲ್ಲರೂ ತಮ್ಮತಮ್ಮ ಕಾಲು ನೋಡಿಕೊಂಡರು. ಅಮೀನಗಡದವರು, ಹುನಗುಂದದವರು, ಬನಶಂಕರಿಗೆ ಹೊರಟವರು, ಎಲ್ಲರೂ ಮೊಣಕಾಲವರೆಗೆ ಒಂದೇ ಗುಲಾಬಿ ಬಣ್ಣ. ಹೆಡ್‌ಮಾಸ್ತರರ ಧೋತರದ ಅಂಚೂ ಅದೇ. ನವೀದನ ಬಾಣಲೆಯಲ್ಲಿ ಎಣ್ಣೆ ಚಟಚಟ ಅನ್ನುತ್ತಿತ್ತು.

ವಿಜಯಮಹಾಂತೇಶ ಅವರು ಎದ್ದರು. "ನಡೀರಿ ಬೀಗ್ರ. ನಳಾ ತೋರಸ್ರಿ."

ಮೆರವಣಿಗೆಯೇ ಹೊರಟಿತು. ಮುಂದೆ ಹೆಡ್‌ಮಾಸ್ತರರು, ಹಿಂದೆ ಕಾಶಪ್ಪ, ಅವನ ಹಿಂದೆ ಪಟ್ಟಿ ಹಿಡಿದ ಚೇತನಾ, ಆಮೇಲೆ ಗುಲಾಬಿ ಕಾಲಿನ ಮಂದಿ. ಬೇವಿನ ಗಿಡದ ಕೆಳಗಿನ ಕರೆವ್ವ ಮೆಲುಕು ನಿಲ್ಲಿಸಿ ನೋಡಿದಳು. ಹೆಡ್‌ಮಾಸ್ತರರು ಬಾಯ್ಲರನ್ನು ಒಂದು ಸುತ್ತು ಹಾಕಿದರು, ಖಾಲಿ ಕೊಟ್ಟಿಗೆ ನೋಡಿದರು, ಬಚ್ಚಲಿಗೆ ಬಂದರು. ನಳ ತಿರುವಿ ಕೈ ಒಡ್ಡಿದರು.

ಮೂರು ಹನಿ ಬಿದ್ದವು. ಮೂರೂ ತಣ್ಣಗಿದ್ದವು.

ಕಾಶಪ್ಪನಿಗೆ ಮತ್ತೊಂದು ವಿಜ್ಞಾನ ಹೊಳೆಯಬಹುದೆಂದು ಎಲ್ಲರೂ ಕಾದರು. ಹೊಳೆಯಲಿಲ್ಲ. "ಬೀಗ್ರ, ಅವತ್ತ ನನ್ನ ಮನ್ಯಾಗ ಬಾಯ್ಲರ್ ಇದ್ದಿದ್ದಿಲ್ರಿ," ಎಂದ. "ಮಗಳು ಐದು ತಿಂಗಳು ಮನ್ಯಾಗ ಇರ್ಲಿ ಅಂತ ಸುಳ್ಳ ಹೇಳಿದ್ನಿ. ಕರ್ಕೊಂಡು ಹೋಗ್ರಿ. ತೊಟ್ಟಿಲ ಅಷ್ಟ ಆಗ್ಲಿ."

ಆಗ ಬಚ್ಚಲ ಗೋಡೆಯ ಆಚೆಯಿಂದ, ಹಿತ್ತಲ ಕಡೆಯಿಂದ, ನೀರು ಧಬಧಬ ಸುರಿಯುವ ಸಪ್ಪಳ ಕೇಳಿತು. ಜೊತೆಗೆ ದಾನೇಶ್ವರಿಯ ದನಿ.

"ಯವ್ವಾ, ಸಾಕು ಬೇ. ಸುಡಾಕತ್ತೈತಿ."

"ಸುಡಬೇಕು. ಬಾಣಂತಿ ನೀರು ಅಂದ್ರ ಸುಡಬೇಕು. ಬೆನ್ನ ಕೊಡು."

ಗೋಡೆಯ ಮೇಲಿನಿಂದ ಹಬೆ ಒಂದು ಮೋಡದಂತೆ ಎದ್ದು ಬಚ್ಚಲೊಳಗೆ ಇಳಿಯಿತು. ಹೆಡ್‌ಮಾಸ್ತರರ ಕನ್ನಡಕ ಮಂಜಾಯಿತು. ಸೊಸೆ ನೀರು ಹಾಕಿಕೊಳ್ಳುವ ಕಡೆ ಮುಖ ಮಾಡಬಾರದೆಂದು ಅವರು ಎದುರಿನ ಗೋಡೆಗೆ ತಿರುಗಿ, ಆ ಗೋಡೆಯನ್ನೇ ಕೇಳಿದರು. "ಬೀಗತ್ಯಾರ, ಈ ನೀರು ಎಲ್ಲೀದು?"

"ಹಂಡೇದ್ರಿ," ಎಂದಳು ಶಿವಬಸವ್ವ ಆಚೆಯಿಂದ. "ಹಿತ್ತಲಾಗ ಮರೆಗೆ ತಟ್ಟಿ ಕಟ್ಟೀನ್ರಿ. ಮಗಳು ಬಂದ ದಿನದಿಂದ ಎರಡೂ ಹೊತ್ತು ಇದ ಒಲಿ, ಇದ ಹಂಡೆ."

"ಮತ್ತ ಬಾಯ್ಲರ್?"

ಆಚೆ ತಂಬಿಗೆ ಒಂದು ಗಳಿಗೆ ನಿಂತಿತು. "ಅದು ಅವರದ್ರಿ. ಮಗಳು ಬಂದಾಳಂತ ಸಂತೋಷಕ್ಕ ಹಚ್ಚಿಕೊಂಡಾರ. ಆರಸ್ರಿ ಅನ್ನಾಕ ನನಗ ಮನಸ್ಸ ಬರಲಿಲ್ರಿ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಧೋತರದ ಬಿಳಿ ಉಳಿದ ಭಾಗದಲ್ಲಿ ಒರೆಸಿಕೊಂಡರು. "ಸೊಸಿ ಇಲ್ಲೇ ಇರ್ಲಿ," ಎಂದು ಗೋಡೆಗೆ ಹೇಳಿದರು. ಆಮೇಲೆ ಕಾಶಪ್ಪನ ಕಡೆ ತಿರುಗಿದರು. "ಆದ್ರ ಒಂದು ಷರತ್ತು."

"ಹೇಳ್ರಿ."

ಅವರು ತಮ್ಮ ಕಾಲು ನೋಡಿಕೊಂಡರು. ಏರು ಹಾದಿಯನ್ನು ಹತ್ತಿ ಬಂದದ್ದು, ಊರುಗೋಲು ಬನ್ನಿಗಿಡದ ಬಳಿಯೇ ಉಳಿದದ್ದು, ಆಗ ಎಲ್ಲರಿಗೂ ಕಂಡಿತು.

"ಆ ಪೈಪಿನ ಬಾಯಿ ಮುಚ್ಚಬ್ಯಾಡ್ರಿ."

ತೊಟ್ಟಿಲು ಆಯಿತು. ಅವ್ವ ಇಲ್ಲವೆಂದು ತಿಳಿದ ಮೇಲೆ ಮಂದಿ ಕರಗಿದರು. ಬೆಳ್ಳಿ ಕಣ್ಣು ಕೊಟ್ಟವರು ಬಂದು ಕಿತ್ತುಕೊಂಡು ಹೋದರು. ಅಂಬವ್ವ ಮಾತ್ರ ವಾರಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ. ಅವ್ವ ಇರಲಿ ಬಿಡಲಿ, ನೀರು ಇದೆಯಲ್ಲ ಎನ್ನುತ್ತಿದ್ದಳು. ಚೇತನಾ ಬರೆದ ವರದಿಯಲ್ಲಿ ಎರಡೇ ಸಾಲು ಇದ್ದವು ಎಂದು ಆಮೇಲೆ ತಿಳಿಯಿತು. ಬಿಸಿನೀರಿನ ಬುಗ್ಗೆ: ಇದೆ. ಮೂಲ: ಕಾಶಪ್ಪ.

ಬೀಗರ ಮನೆಯಲ್ಲಿ ಒಂದು ರಾತ್ರಿಯೂ ಕಳೆಯದ ವಿಜಯಮಹಾಂತೇಶ ಅವರು ಅವತ್ತು ಉಳಿದರು. ಮರುದಿನವೂ ಉಳಿದರು. ಮೂರನೆಯ ದಿನ ನವನಗರದಿಂದ ಅವರ ಬಟ್ಟೆಯ ಪೆಟ್ಟಿಗೆ ಬಂತು.

ಜನವರಿ ಹೋಯಿತು. ಫೆಬ್ರುವರಿಯಲ್ಲಿ ಕಡಲೆ ಕಿತ್ತರು. ಮಾರ್ಚಿನಲ್ಲಿ ನೆಲ ಕಾದು ನಾಯಿಗಳು ನೆರಳಿನಿಂದ ನೆರಳಿಗೆ ಜಿಗಿಯತೊಡಗಿದವು. ಕರೆವ್ವ ಕೆರೆಯಲ್ಲಿ ಕೊರಳಮಟ ಮುಳುಗಿರುತ್ತಿದ್ದಳು. ದಾನೇಶ್ವರಿ ಸುಣ್ಣ ಹೊಡೆಸಿದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂಸಿಗೆ ಹಾಲೂಡಿಸುತ್ತ, ಕಾಶಪ್ಪ ಬಾಗಿಲಲ್ಲಿ ಇಣುಕಿದಾಗಲೆಲ್ಲ, "ಯಪ್ಪಾ, ಬೆವತೀದಿ, ಕುಂದ್ರಬಾರ್ದ?" ಎನ್ನುತ್ತಿದ್ದಳು. ಕುಂದ್ರಲು ಅವನಿಗೆ ಪುರಸೊತ್ತು ಇರಲಿಲ್ಲ. ಮುಂಜಾನೆ ಐದಕ್ಕೆ ಎದ್ದು ಬೆಂಕಿ ಹಾಕಬೇಕು, ಆರಕ್ಕೆ ಬೀಗರು ಬುಗ್ಗೆಗೆ ಇಳಿಯುತ್ತಾರೆ. ಒಂದೇ ಬಾಯ್ಲರಿನಿಂದ ಮನೆಯನ್ನೂ ಕೊಟ್ಟಿಗೆಯನ್ನೂ ಬೆಚ್ಚಗಿಡಲು ಹೊರಟವನು ಈಗ ಒಬ್ಬರ ಎರಡು ಮೊಣಕಾಲನ್ನು ಬೆಚ್ಚಗಿಡುತ್ತಿದ್ದ.

ಮೂವತ್ತೊಂಬತ್ತು ಡಿಗ್ರಿ ಬಿಸಿಲಿನ ಒಂದು ಸಂಜೆ, ಕಾಶಪ್ಪ ಒಲೆಯ ಮುಂದೆ ಕೂತಿದ್ದಾಗ ನವನಗರದಿಂದ ಬೀಗತಿಯ ಫೋನು ಬಂತು. ಅವನಿಗೆ ಜೀವ ಬಂದಂತಾಯಿತು. ಕರೆಸಿಕೊಳ್ಳಲಿಕ್ಕೇ ಇರಬೇಕು ಎಂದುಕೊಂಡ.

"ಅವರು ಹ್ಯಾಂಗ ಅದಾರ್ರಿ?" ಎಂದರು ಬೀಗತಿ.

"ಭಾಳ ಆರಾಮ ಅದಾರ್ರಿ. ಈಗ ಊರಿಗೆ ಬರಾಕೂ ಅಡ್ಡಿ ಇಲ್ಲ ನೋಡ್ರಿ."

"ಅದಕ್ಕ ಫೋನ್ ಮಾಡೀನ್ರಿ." ಬೀಗತಿ ದನಿ ತಗ್ಗಿಸಿದರು. ಹಿಂದೆ ಟಿವಿಯ ಸದ್ದು, ಯಾರೋ ಹೆಂಗಸರ ನಗು, ಚಹಾ ಕಪ್ಪುಗಳ ಸಪ್ಪಳ. "ಅವರೇನರ ಬರ್ತೇನಿ ಅಂದ್ರ, ಇಲ್ಲಿ ಗೀಸರ್ ಕೆಟ್ಟೈತಿ ಅಂತ ಹೇಳ್ರಿ. ಸೋಲಾರೂ ಕೆಟ್ಟೈತಿ ಅಂತ ಹೇಳ್ರಿ. ರಿಪೇರಿ ಮಾಡಾಂವ ಸಿಕ್ಕಿಲ್ಲಂತ. ನಿಮ್ಮಲ್ಲಿ ಕಟ್ಟಿಗಿ ಅದಾವಲ್ಲ?"

ಕಾಶಪ್ಪ ಹಿಂದೆ ತಿರುಗಿ ನೋಡಿದ. ಹೊರೆಗಳು ಇನ್ನೂ ಇದ್ದವು.

"ಅದಾವ್ರಿ," ಎಂದು ಹೇಳಿ, ಒಂದು ಹೊರೆ ಎಳೆದುಕೊಂಡ.